ತಡೆದಾಗಲೇ ತಿಳಿಯುವ ಶಕ್ತಿ

ಕಾರಿನ ಜಾಹೀರಾತುಗಳಲ್ಲಿ ಬಿ.ಎಚ್.ಪಿ. ಎಂಬ ಮೂರಕ್ಷರಗಳನ್ನು ನಾವೆಲ್ಲ ಕಂಡಿದ್ದೇವೆ. ಕೊನೆಯ ಎರಡಕ್ಷರಗಳು ಅಶ್ವಶಕ್ತಿಯನ್ನು ಸೂಚಿಸುತ್ತವೆ. ಮೊದಲನೆಯ ‘ಬಿ’ ಎಂದರೆ ಬ್ರೇಕ್. ಓಡಿಸುವ ಶಕ್ತಿಯನ್ನು ಹೇಳುವ ಮಾತಿಗೆ ನಿಲ್ಲಿಸುವ ಸಾಧನದ ಹೆಸರು ಅಂಟಿಕೊಂಡದ್ದೇಕೆ? ಈ ಪ್ರಶ್ನೆಯ ಹಿಂದೆ ಎರಡು ಶತಮಾನಗಳ ಚರಿತ್ರೆಯಿದೆ.

ಅಶ್ವಶಕ್ತಿಯ ಲೆಕ್ಕ ಜೇಮ್ಸ್ ವಾಟನದು. ಹಬೆಯಂತ್ರವನ್ನು ಕೊಳ್ಳಬಂದವರಿಗೆ ಅದು ಎಷ್ಟು ಕುದುರೆಗಳ ಕೆಲಸ ಮಾಡೀತೆಂದು ತಿಳಿಸಬೇಕಾಗಿತ್ತು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿಯೆಂದು ಅವನು ಗೊತ್ತುಮಾಡಿದನು. ಆದರೆ ಮಾನ ದೊರೆತ ಮಾತ್ರಕ್ಕೆ ಅಳತೆ ದೊರೆತಂತಾಗಲಿಲ್ಲ. ತಿರುಗುತ್ತಿರುವ ದಂಡದಿಂದ ಹೊರಬರುವ ಶಕ್ತಿಯನ್ನು ಹಿಡಿದು ತೂಗುವ ಬಗೆ ಹೇಗೆ?

1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ಇದಕ್ಕೆ ಉತ್ತರ ಕೊಟ್ಟನು. ದಂಡವನ್ನು ಮರದ ತುಂಡುಗಳ ನಡುವೆ ಬಿಗಿದು, ಅವಕ್ಕೆ ಉದ್ದನೆಯ ಸನ್ನೆಕೋಲನ್ನು ಜೋಡಿಸುವುದು ಅವನ ಉಪಾಯ. ದಂಡವು ತುಂಡುಗಳನ್ನು ತನ್ನೊಡನೆ ಎಳೆದೊಯ್ಯಲು ಹವಣಿಸುತ್ತದೆ. ಕೋಲಿನ ತುದಿಯ ತೂಕದ ಕಲ್ಲು ತಡೆಯುತ್ತದೆ. ಎರಡೂ ಸಮನಾದಾಗ ಭಾರ, ಕೋಲಿನ ಉದ್ದ, ನಿಮಿಷಕ್ಕೆ ಆದ ಸುತ್ತುಗಳು ಈ ಮೂರರಿಂದ ಶಕ್ತಿಯ ಲೆಕ್ಕ ಸಿಗುತ್ತದೆ. ‘ಬ್ರೇಕ್’ ಎಂಬ ಮಾತು ಬಂದದ್ದು ಈ ಬಗೆಯ ಅಳತೆಯಿಂದ.

ಸಾಧನ ಸರಳ, ಅಗ್ಗ. ಆದರೆ ತಡೆದ ಶಕ್ತಿಯೆಲ್ಲ ಶಾಖವಾಗುತ್ತದೆ. 100 ಅಶ್ವಶಕ್ತಿಯೆಂದರೆ ಒಂದು ಕಿಲೋವಾಟಿನ ಸುಮಾರು 75 ವಿದ್ಯುತ್ ಒಲೆಗಳ ಕಾವು. ಮರ ಹೊಗೆಯಾಡದೆ ಇದ್ದೀತೆ? ಕಾವೇರಿದಂತೆ ಉಜ್ಜುವಿಕೆಯೂ ಬದಲಾಗಿ ಅಳತೆ ತೂಗಾಡುತ್ತದೆ.

ಬ್ರಿಟಿಷ್ ನೌಕಾಪಡೆಯ ಭಾರಿ ಎಂಜಿನ್ನುಗಳಿಗಾಗಿ 1877ರಲ್ಲಿ ವಿಲಿಯಂ ಫ್ರೂಡ್ ಮರದ ಕೆಲಸವನ್ನು ನೀರಿಗೆ ಒಪ್ಪಿಸಿದನು. ಬಟ್ಟಲಿನಂಥ ಗುಳಿಗಳಿರುವ ಚಕ್ರವೊಂದು ಅಂಥವೇ ಗುಳಿಗಳಿರುವ ಕವಚದೊಳಗೆ ತಿರುಗುತ್ತದೆ. ನಡುವಿನ ನೀರು ತಡೆಯೊಡ್ಡಿ, ತಾನೇ ಶಾಖವನ್ನೂ ಹೊತ್ತೊಯ್ಯುತ್ತದೆ. ದೊಡ್ಡ ಎಂಜಿನ್ನಿಗೆ ಇದು ಒಪ್ಪುತ್ತದೆ. ತಡೆಯನ್ನು ತಟ್ಟನೆ ಏರಿಳಿಸುವುದು ಮಾತ್ರ ಅಷ್ಟು ಸುಲಭವಲ್ಲ. ಆ ಕೊರತೆಯನ್ನು ಇಪ್ಪತ್ತನೆಯ ಶತಮಾನದ ಕಾಂತಯಂತ್ರ ನೀಗಿತು. ಕಾಂತಕ್ಷೇತ್ರದಲ್ಲಿ ತಿರುಗುವ ಲೋಹದಲ್ಲಿ ಸುಳಿ ವಿದ್ಯುತ್ತು ಹುಟ್ಟಿ ಅದನ್ನೇ ತಡೆಯುತ್ತದೆ. ತಡೆಯೆಷ್ಟಿರಬೇಕೆಂಬುದು ಸುರುಳಿಗೆ ಕೊಡುವ ವಿದ್ಯುತ್ತಿನ ಹಿಡಿತದಲ್ಲಿರುತ್ತದೆ. ವಿದ್ಯುಜ್ಜನಕದ ಬಗೆಯದು ಇನ್ನೂ ಒಂದು ಹೆಜ್ಜೆ ಮುಂದೆ: ಅದು ಎಂಜಿನ್ನನ್ನು ತಡೆಯಬಲ್ಲದು, ತಾನೇ ತಿರುಗಿಸಿ ಅದರೊಳಗಿನ ಉಜ್ಜುವಿಕೆಯನ್ನೂ ಅಳೆಯಬಲ್ಲದು. ಆದರೆ ಬೆಲೆ ಹೆಚ್ಚು.

ಇವೆಲ್ಲ ಎಂಜಿನ್ನಿನ ದಂಡಕ್ಕೆ ಜೋಡಿಸುವಂಥವು. ಕಾರನ್ನೇ ಉರುಳೆಗಳ ಮೇಲೆ ನಿಲ್ಲಿಸಿ ಗಾಲಿಯ ಬಳಿ ಅಳೆಯುವ ಯಂತ್ರಗಳೂ ಇವೆ. ಕೆಲವು, ಭಾರವಾದ ಉರುಳೆ ಎಷ್ಟು ಬೇಗ ವೇಗ ಪಡೆಯುತ್ತದೆಂಬುದರಿಂದಲೇ ಲೆಕ್ಕ ಹಾಕುತ್ತವೆ. ಒಂದೇ ವೇಗದಲ್ಲಿ ಎಂಜಿನ್ನನ್ನು ಹಿಡಿದು ನಿಲ್ಲಿಸುವುದು ಅವಕ್ಕೆ ಸಾಧ್ಯವಿಲ್ಲ. ಗೇರುಪೆಟ್ಟಿಗೆಯೂ ಟಯರುಗಳೂ ತಮ್ಮ ಪಾಲನ್ನು ಕಳೆದುಕೊಂಡ ಮೇಲೆ ಉಳಿದದ್ದಷ್ಟೇ ಇಲ್ಲಿ ಕಾಣುತ್ತದೆ.

ಹಾಗಾದರೆ ನಿಜವಾದ ಸಂಖ್ಯೆ ಯಾವುದು? ಅಮೆರಿಕದ ಒಂದು ನಿದರ್ಶನವನ್ನು ನೋಡೋಣ. ಅಲ್ಲಿ 1971ರವರೆಗೆ ಫ್ಯಾನು, ಗಾಳಿಶೋಧಕ, ಸೈಲೆನ್ಸರುಗಳಿಲ್ಲದ ಬರಿಯ ಎಂಜಿನ್ನಿನ ಅಳತೆಯನ್ನೇ ಸಾಮಾನ್ಯವಾಗಿ ಪ್ರಕಟಿಸುತ್ತಿದ್ದರು. 1972ರಿಂದ ಇವೆಲ್ಲ ಇರುವಂತೆಯೇ ಅಳೆಯುವುದು ರೂಢಿಯಾಯಿತು. ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ 365 ಅಶ್ವಶಕ್ತಿ ಮರುವರ್ಷ 235ಕ್ಕೆ ಇಳಿಯಿತು. ಬದಲಾದದ್ದು ಮುಖ್ಯವಾಗಿ ಅಳತೆಯ ಷರತ್ತು. ಮೊದಲಿನ ಸಂಖ್ಯೆ ಸುಳ್ಳೆನ್ನುವಂತಿಲ್ಲ; ಆದರೆ ಕೊಳ್ಳುವವನು ಓಡಿಸಿದ್ದು ಆ ಎಂಜಿನ್ನನ್ನಲ್ಲ.

ಶಕ್ತಿ ತಾನಾಗಿ ತನ್ನ ಲೆಕ್ಕ ಒಪ್ಪಿಸುವುದಿಲ್ಲ. ಎದುರು ನಿಂತು ತಡೆದಾಗಲೇ ಅದು ತಿಳಿಯುವುದು. ಎಲ್ಲಿ, ಯಾವುದರಿಂದ, ಯಾವ ಷರತ್ತಿನಲ್ಲಿ ತಡೆದೆವೆಂದು ಹೇಳದ ಸಂಖ್ಯೆ ಎಷ್ಟೇ ದೊಡ್ಡದಾಗಿದ್ದರೂ ಅರ್ಧ ಮಾತು ಮಾತ್ರವೆಂದು ನನ್ನ ಭಾವನೆ.