ಬಾಗಿಲ ಮೇಲಿನ ನಂಬರು

ಕೊಳಗೇರಿಯ ಬಾಗಿಲಿನ ಮೇಲೆ ಯಾರೋ ಬಂದು ಒಂದು ನಂಬರು ಬರೆದು ಹೋದರೆ ಒಳಗಿದ್ದವರಿಗೆ ದಿಗಿಲು. ಇದು ಮನೆ ಕೊಡುವುದಕ್ಕೋ, ಕೆಡವುವುದಕ್ಕೋ? ಪಕ್ಕದ ಬಾಗಿಲಿಗೆ ನಂಬರು ಬಿದ್ದು ತಮ್ಮದಕ್ಕೆ ಬೀಳದಿದ್ದರೆ ದಿಗಿಲು ಇನ್ನೂ ಹೆಚ್ಚು. ವಸತಿ ಹಕ್ಕಿನ ಹೋರಾಟಕ್ಕೂ ಅಂಕಿಅಂಶಕ್ಕೂ ಇರುವ ನಂಟನ್ನು ಹುಡುಕುತ್ತಾ ಹೋದರೆ ಎಲ್ಲ ಕಾಲದಲ್ಲೂ ಎದುರಾಗುವುದು ಇದೇ ಪ್ರಶ್ನೆ: ಬರೆದ ಕೈ ಯಾರದು, ಪಟ್ಟಿ ಯಾರ ಹತ್ತಿರ ಇದೆ?

ಬಡವರ ಮನೆಗಳನ್ನು ಎಣಿಸುವ ಕೆಲಸ ಶುರುವಾದದ್ದು ಬಡವರಿಂದಲ್ಲ. ಹಡಗು ವ್ಯಾಪಾರಿ ಚಾರ್ಲ್ಸ್ ಬೂತ್ 1880ರ ದಶಕದಲ್ಲಿ ಲಂಡನ್ ನಗರದ ಒಂದೊಂದು ಬೀದಿಗೂ ಬಣ್ಣ ಕೊಡಲು ಹೊರಟ. ಸಿರಿವಂತರ ಬೀದಿಗೆ ಹಳದಿ, ಕಡುಬಡವರ ಬೀದಿಗೆ ಕಪ್ಪು. ಲಂಡನ್ನಿನ ಶೇ. 30ಕ್ಕೂ ಹೆಚ್ಚು ಜನ ಬಡತನದಲ್ಲಿದ್ದಾರೆಂದು ಲೆಕ್ಕ ಹಾಕಿ ತೋರಿಸಿದ. ದೊಡ್ಡ ಕೆಲಸವೇ. ಆದರೆ ಆ ಮಾಹಿತಿಯಲ್ಲಿ ಬಹುಪಾಲು ಬಂದದ್ದು ಶಾಲಾ ಮಂಡಳಿಯ ತಪಾಸಣೆಗಾರರಿಂದ. ತನ್ನ ಬೀದಿ ಕಪ್ಪೆಂದು ಅಲ್ಲಿದ್ದ ಹೆಂಗಸಿಗೆ ಗೊತ್ತೇ ಇರಲಿಲ್ಲ. 1895ರಲ್ಲಿ ಶಿಕಾಗೋದ ಹಲ್ ಹೌಸ್ ಎಂಬ ಸೇವಾಕೇಂದ್ರದವರು ತಂದ ನಕ್ಷೆಗಳು ಒಂದು ಹೆಜ್ಜೆ ಮುಂದೆ ಹೋದವು. ಅವನ್ನು ಮಾಡಿದವರು ವಲಸಿಗರ ಅದೇ ಕೇರಿಯಲ್ಲಿ ವಾಸವಿದ್ದರು. ಆದರೂ ಪ್ರಶ್ನೆ ಕೇಳುವವರು ಅವರು, ಉತ್ತರ ಕೊಡುವವರು ನೆರೆಯವರು.

ಈ ಲೆಕ್ಕ ತಿರುಗುಮುರುಗಾದದ್ದು ಮುಂಬಯಿಯ ಫುಟ್‌ಪಾತಿನ ಮೇಲೆ. ಅದರ ಹಿಂದಿದ್ದವರಲ್ಲಿ ಒಬ್ಬರು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು, ಜಾಕಿನ್ ಅರ್ಪುತಂ. 1960ರ ದಶಕದಲ್ಲಿ ಮುಂಬಯಿ ಸೇರಿ, ಬಡಗಿ ಕೆಲಸ ಮಾಡುತ್ತಾ ಮಾನ್‌ಖುರ್ದಿನ ಜನತಾ ಕಾಲೊನಿಯಲ್ಲಿ ನೆಲೆಯೂರಿದರು. ಪಕ್ಕದ ಅಣುಶಕ್ತಿ ಸಂಸ್ಥೆಗೆ ಆ ಜಾಗ ಬೇಕಾಗಿ, ಎಷ್ಟೋ ವರ್ಷ ಹೋರಾಡಿದ ಮೇಲೂ 1976ರಲ್ಲಿ ಇಡೀ ಕಾಲೊನಿಯನ್ನು ಎಬ್ಬಿಸಿ ಚೀತಾ ಕ್ಯಾಂಪಿಗೆ ಸಾಗಿಸಿದರು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಗುಡಿಸಲುಗಳ ಗಣತಿ ಮಾಡಿ ಫೋಟೋ ಇರುವ ಗುರುತಿನ ಪಾಸು ಹಂಚಿತ್ತು. ಆ ಪಾಸಿನ ಬೆಲೆ ತಿಳಿಯಲು ಒಂಬತ್ತು ವರ್ಷ ಹಿಡಿಯಿತು. ಮುಂಬಯಿಯ ಫುಟ್‌ಪಾತಿನವರ ತೆರವನ್ನು ಪ್ರಶ್ನಿಸಿದ ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ 1985ರ ಜುಲೈನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. ಆ ಮಾತನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅದೇ ತೀರ್ಪು ಫುಟ್‌ಪಾತಿನ ಗುಡಿಸಲು ತೆಗೆಯಲು ಪಾಲಿಕೆಗೆ ದಾರಿ ಬಿಟ್ಟು, 1976ರ ಪಾಸಿದ್ದವರಿಗೆ ಬದಲಿ ಜಾಗ ಕೊಡಿ ಎಂದದ್ದನ್ನು ನೆನೆಯುವವರು ಕಡಿಮೆ. ಪಟ್ಟಿಯಲ್ಲಿದ್ದವನಿಗೆ ಜಾಗ, ಇಲ್ಲದವನಿಗೆ ಬೀದಿ.

ತೀರ್ಪು ಬಂದ ಆ ವರ್ಷವೇ ಬೈಕಲ್ಲಾದ ಫುಟ್‌ಪಾತುಗಳಲ್ಲಿ ಬೇರೊಂದು ಎಣಿಕೆ ನಡೆಯಿತು. ಶೀಲಾ ಪಟೇಲ್ ಮತ್ತು ಸಂಗಡಿಗರು 1984ರಲ್ಲಿ ಕಟ್ಟಿದ ಸ್ಪಾರ್ಕ್ ಸಂಸ್ಥೆ ಸುಮಾರು 6,000 ಕುಟುಂಬಗಳ, 27,000 ಜನರ ವಿವರ ಕಲೆಹಾಕಿ ‘ವಿ, ದಿ ಇನ್ವಿಸಿಬಲ್’ ಎಂಬ ವರದಿ ತಂದಿತು. ನಗರದ ಲೆಕ್ಕದಲ್ಲಿ ಫುಟ್‌ಪಾತಿನವರು ಇವತ್ತು ಬಂದು ನಾಳೆ ಹೋಗುವವರು. ವರದಿಯಲ್ಲಿ ಕಂಡವರು ಬಡ ಜಿಲ್ಲೆಗಳಿಂದ ಬಂದು ವರ್ಷಗಟ್ಟಲೆಯಿಂದ ಅಲ್ಲೇ ಇರುವವರು, ಕೆಲಸದ ಜಾಗಕ್ಕೆ ನಡೆದು ಹೋಗುವ ದೂರದಲ್ಲಿ ಬೇರೆ ಸೂರು ಸಿಗದೆ ಅಲ್ಲಿ ಮಲಗುವವರು. ಆ ಫುಟ್‌ಪಾತಿನ ಹೆಂಗಸರೇ ಮುಂದೆ ‘ಮಹಿಳಾ ಮಿಲನ್’ ಕಟ್ಟಿ, ಜಾಕಿನ್ನರ ರಾಷ್ಟ್ರೀಯ ಕೊಳಗೇರಿ ನಿವಾಸಿಗಳ ಒಕ್ಕೂಟದ ಜೊತೆಗೂಡಿದರು.

ಅವರು ರೂಢಿಸಿದ ಪದ್ಧತಿಯನ್ನು ಹತ್ತಿರದಿಂದ ನೋಡಬೇಕು. ಮೊದಲು ಗಲ್ಲಿಗಲ್ಲಿ ಸುತ್ತಿ ಕೈಯಲ್ಲೇ ನಕ್ಷೆ ಬರೆಯುವುದು. ನಲ್ಲಿ ಎಲ್ಲಿ, ಕಕ್ಕಸು ಎಲ್ಲಿ, ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಬಾಗಿಲಿಗೆ ನಂಬರು. ಆಮೇಲೆ ಮನೆಮನೆಯ ಪ್ರಶ್ನೆ: ಎಷ್ಟು ಜನ, ಯಾವಾಗ ಬಂದಿರಿ, ಏನು ಕೆಲಸ, ರೇಷನ್ ಕಾರ್ಡು ಇದೆಯೇ. ಕೊನೆಯದೇ ಮುಖ್ಯವಾದದ್ದು. ತುಂಬಿದ ಪಟ್ಟಿಯನ್ನು ಗಲ್ಲಿಯವರ ಮುಂದೆಯೇ ಓದುತ್ತಾರೆ. ಒಂದೇ ಮನೆಗೆ ಎರಡು ಹೆಸರು ಸೇರಿಸಿದವನು ಸಿಕ್ಕಿಬೀಳುವುದು ಅಲ್ಲೇ. ನೆರೆಯವರ ಕಣ್ಣು ತಪ್ಪಿಸಿ ಸುಳ್ಳು ಬರೆಸುವುದು ಸರ್ಕಾರಿ ಗುಮಾಸ್ತನನ್ನು ಏಮಾರಿಸಿದಷ್ಟು ಸುಲಭವಲ್ಲ. ಸಂಖ್ಯಾಶಾಸ್ತ್ರದ ಪಂಡಿತರು ಈ ಪದ್ಧತಿಯನ್ನು ಮೂಗು ಮುರಿದು ನೋಡಿದ್ದುಂಟು. ನನ್ನ ಮಟ್ಟಿಗೆ ಇಷ್ಟು ಗಟ್ಟಿಯಾದ ತಪಾಸಣೆ ಇನ್ನೊಂದಿಲ್ಲ.

ಇದಕ್ಕೆ ಸರ್ಕಾರದ ಮನ್ನಣೆಯೂ ಬೇಗ ಬಂತು. 1980ರ ದಶಕದ ಕೊನೆಗೆ ಮುಂಬಯಿಯ ರೈಲು ಹಳಿಗಳ ಪಕ್ಕದ ಸುಮಾರು 18,000 ಮನೆಗಳನ್ನು ಎಣಿಸುವಾಗ ಈ ಸಂಘಟನೆಗಳು ಸರ್ಕಾರದ ಜೊತೆ ನಿಂತಿದ್ದವು. ಗುಡಿಸಲುಗಳು ಹಳಿಗೆ ಅಂಟಿಕೊಂಡಿದ್ದ ಕಡೆ ರೈಲು ನಿಧಾನಿಸಲೇಬೇಕಿತ್ತು. ಮುಂದೆ ವಿಶ್ವಬ್ಯಾಂಕಿನ ಸಾಲದ ರೈಲು ಯೋಜನೆಗೆ ಸಾವಿರಾರು ಕುಟುಂಬಗಳು ಜಾಗ ಬಿಡಬೇಕಾದಾಗ ಯಾರಿಗೆ ಬದಲಿ ಮನೆ ಎಂಬ ಮಾತಿಗೆ ಈ ಪಟ್ಟಿಗಳು ಆಧಾರವಾದವು. 1996ರಲ್ಲಿ ಹುಟ್ಟಿದ ಸ್ಲಮ್ ಡ್ವೆಲ್ಲರ್ಸ್ ಇಂಟರ್‌ನ್ಯಾಷನಲ್ ಇದೇ ಪದ್ಧತಿಯನ್ನು ಆಫ್ರಿಕದ ನಗರಗಳಿಗೂ ಒಯ್ದಿತು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಜಾಕಿನ್ 2018ರಲ್ಲಿ ತೀರಿಕೊಂಡರು.

ಕರಾಚಿಯದು ಇನ್ನೊಂದು ದಾರಿ. 1980ರಲ್ಲಿ ಅಖ್ತರ್ ಹಮೀದ್ ಖಾನ್ ಆರಂಭಿಸಿದ ಒರಂಗಿ ಯೋಜನೆಯಲ್ಲಿ ಜನ ಸ್ವಂತ ದುಡ್ಡಿನಲ್ಲಿ ಗಲ್ಲಿಯ ಒಳಚರಂಡಿ ಹಾಕಿಕೊಂಡರು. ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್ ಸ್ಥಳೀಯ ಹುಡುಗರ ಕೈಯಲ್ಲಿ ಆ ಕೊಳವೆಗಳ ನಕ್ಷೆ ಮಾಡಿಸಿದರು. ಸರ್ಕಾರ ಏನೂ ಇಲ್ಲವೆಂದ ಕಡೆ ಜನ ಕಟ್ಟಿದ್ದು ಕಾಗದದ ಮೇಲೆ ಕಂಡಿತು. ನಗರದಂಚಿನ ಹಳ್ಳಿಗಳ ನೆಲದ ದಾಖಲೆಯನ್ನೂ ಅವರು ಮಾಡುತ್ತಿದ್ದರು. 2013ರ ಮಾರ್ಚ್ 13ರಂದು ಅವರನ್ನು ಗುಂಡಿಟ್ಟು ಕೊಂದರು.

ಆಮೇಲೆ ಉಪಗ್ರಹ, ಡ್ರೋನುಗಳ ಕಾಲ. ಒಡಿಶಾ 2017ರಲ್ಲಿ ಕೊಳಗೇರಿ ನಿವಾಸಿಗಳಿಗೆ ಭೂಹಕ್ಕು ಕೊಡುವ ಕಾನೂನು ತಂದು, ಮರುವರ್ಷ ಜಾಗಾ ಮಿಷನ್ ಆರಂಭಿಸಿತು. ಡ್ರೋನು ಮೇಲಿನಿಂದ ಚಿತ್ರ ತೆಗೆಯಿತು, ಕೊಳಗೇರಿಯ ಸಂಘಗಳು ಕೆಳಗೆ ಮನೆಮನೆಯನ್ನೂ ತಾಳೆ ನೋಡಿದವು. ಯಂತ್ರ ಮತ್ತು ಗಲ್ಲಿ ಕೂಡಿದ ಅಪರೂಪದ ಉದಾಹರಣೆಯಿದು, ಸರ್ಕಾರವೇ ಹಕ್ಕುಪತ್ರ ಕೊಡುವ ಮನಸ್ಸು ಮಾಡಿತ್ತೆಂಬ ಕಾರಣಕ್ಕೆ. ಆ ಮನಸ್ಸಿಲ್ಲದ ಕಡೆ ಡ್ರೋನು ಬುಲ್ಡೋಜರಿಗೆ ದಾರಿ ತೋರಿಸೀತು. ಒಕ್ಕಲೆಬ್ಬಿಸಿದ ಲೆಕ್ಕವನ್ನು ಯಾವ ಸರ್ಕಾರವೂ ಇಡದ ಕಾರಣ ದೆಹಲಿಯ ಹೌಸಿಂಗ್ ಆಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ತಾನೇ ಅದನ್ನು ಇಡುತ್ತಿದೆ. ಅವರ ಪ್ರಕಾರ 2023 ಒಂದೇ ವರ್ಷದಲ್ಲಿ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು.

ಮುಂಬಯಿಯ ಧಾರಾವಿಯಲ್ಲಿ 2024ರ ಮಾರ್ಚಿನಿಂದ ಪುನರಾಭಿವೃದ್ಧಿ ಯೋಜನೆಗಾಗಿ ನಂಬರು ಬರೆಯುವವರು ಬಂದಾಗ ಕೆಲವು ಗಲ್ಲಿಗಳವರು ಅಡ್ಡ ನಿಂತರು. ಅಲ್ಲಿ ಎಣಿಕೆಯೆಂದರೆ ಅರ್ಹತೆಯ ಜರಡಿ: ಉಚಿತ ಮನೆಗೆ 2000ದ ಜನವರಿ 1ಕ್ಕೆ ಮುಂಚೆ ನೆಲಮಹಡಿಯಲ್ಲಿ ಇದ್ದ ದಾಖಲೆ ಬೇಕು. ಮೇಲಿನ ಅಟ್ಟದಲ್ಲಿ ಬಾಡಿಗೆಗಿದ್ದವನ ಪಾಡು ಬೇರೆ.

ಬೆಂಗಳೂರಿನ ಮಾತಿಗೆ ಬಂದರೆ ನಮ್ಮ ಕಾಯಿಲೆ ಎಣಿಸದೆ ಬಿಡುವುದು. 1973ರ ಕರ್ನಾಟಕ ಕೊಳಚೆ ಪ್ರದೇಶ ಕಾಯ್ದೆಯಡಿ ‘ಘೋಷಿತ’ವಾದರೆ ಸ್ಲಂ ಬೋರ್ಡಿನ ಪುಸ್ತಕದಲ್ಲಿ ಜಾಗ ಖಚಿತ. 2011ರ ಜನಗಣತಿಯಲ್ಲಿ ಘೋಷಿತವಲ್ಲದ ಜಾಗ ಕೊಳಗೇರಿ ಎನಿಸಿಕೊಳ್ಳಲು 60–70 ಮನೆಗಳಾದರೂ ಒತ್ತಾಗಿರಬೇಕಿತ್ತು. ಖಾಸಗಿ ಸೈಟಿನಲ್ಲಿ ನೆಲಬಾಡಿಗೆ ಕೊಟ್ಟು ನೀಲಿ ಟಾರ್ಪಾಲು ಕಟ್ಟಿಕೊಂಡ ಇಪ್ಪತ್ತು ಮೂವತ್ತು ಶೆಡ್ಡುಗಳು ಎರಡು ಲೆಕ್ಕಕ್ಕೂ ಸಿಗುವುದಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಲ್ಲಿ ಇಂಥ ನೀಲಿ ಚೌಕಗಳನ್ನೇ ಹುಡುಕಿ ಹೊರಟಿದ್ದರು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು, ಇರುವವರು ಬಾಂಗ್ಲಾದೇಶಿಗಳೆಂಬ ಗುಮಾನಿಯ ಮೇಲೆ ಕೆಡವಿದಾಗ ಉತ್ತರ ಕರ್ನಾಟಕದವರೂ ಆಧಾರ್ ಕಾರ್ಡು ಹಿಡಿದು ನಿಲ್ಲಬೇಕಾಯಿತು. ಹೈಕೋರ್ಟು ಮಧ್ಯೆ ಬರುವಷ್ಟರಲ್ಲಿ ತಗಡು ನೆಲಕ್ಕೆ ಬಿದ್ದಿತ್ತು.

ಅಂಥದೇ ಒಂದು ಶೆಡ್ಡುಗಳ ಸಾಲಿನಲ್ಲಿ ಕಾಲೇಜು ಹುಡುಗರು ಪಟ್ಟಿ ಮಾಡುವಾಗ ಒಂದು ಸಂಜೆ ನಾನೂ ಜೊತೆಗಿದ್ದೆ. ಬೀಗ ಹಾಕಿದ ಬಾಗಿಲು ಕಂಡು ಒಬ್ಬ ಮುಂದೆ ನಡೆದ. ಪಕ್ಕದ ಶೆಡ್ಡಿನಲ್ಲಿ ರೊಟ್ಟಿ ತಟ್ಟುತ್ತಿದ್ದ ಯಾದಗಿರಿ ಕಡೆಯ ಹೆಂಗಸು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ಕೀಲಿ ಹಾಕ್ಯಾರಂತ ಬಿಡಬ್ಯಾಡ್ರಿ ಸರ. ಹತ್ತಿ ಬಿಡಿಸ್ಲಿಕ್ಕ ಊರಿಗಿ ಹೋಗ್ಯಾರ, ಐದ್ ಮಂದಿ ಅದಾರ, ಬರಕೋರಿ” ಎಂದು, ಹುಡುಗ ವಾಪಸು ಬಂದು ತಗಡಿನ ಮೇಲೆ ಹದಿನೇಳು ಎಂದು ಬರೆಯುವ ತನಕ ಅಲ್ಲೇ ನಿಂತಿದ್ದಳು.