ಸಕ್ಕರೆರಹಿತ ಕಡಲೆಕಾಯಿ ಬರ್ಫಿ

ಸಕ್ಕರೆರಹಿತ ಕಡಲೆಕಾಯಿ ಬರ್ಫಿಯು ಹುರಿದ ಕಡಲೆಕಾಯಿ ಬೀಜದಿಂದ (ಉತ್ತರ ಕರ್ನಾಟಕದಲ್ಲಿ ಶೇಂಗಾ) ಮನೆಯಲ್ಲಿಯೇ ತಯಾರಿಸಬಹುದಾದ, ಶರ್ಕರಪಿಷ್ಟ ಕಡಿಮೆಯಿರುವ ಸಿಹಿತಿನಿಸು. ಶೇಂಗಾ ಉಂಡೆ, ಚಿಕ್ಕಿಗಳನ್ನು ಬೆಲ್ಲದ ಪಾಕವು ಹಿಡಿದಿಡುತ್ತದೆ. ಇದರಲ್ಲಿ ಆ ಕೆಲಸವನ್ನು ತಣಿದಾಗ ಗಟ್ಟಿಯಾಗುವ ಕೊಬ್ಬು ಮಾಡುತ್ತದೆ.

ತಯಾರಿಕೆ

200 ಗ್ರಾಂ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಎಣ್ಣೆ ಬಿಡುವವರೆಗೆ ಅರೆಯಲಾಗುತ್ತದೆ. ಇದಕ್ಕೆ 60 ಗ್ರಾಂ ಕರಗಿಸಿದ ಕೊಬ್ಬರಿ ಎಣ್ಣೆ, 3 ಚಮಚ ಎರಿಥ್ರಿಟಾಲ್ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ ಬೆರೆಸಿ, ತಟ್ಟೆಗೆ ಸುರಿದು, 2 ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಲಾಗುತ್ತದೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಬರ್ಫಿಯನ್ನು ತಂಪಿನಲ್ಲಿಯೇ ಇಡಬೇಕು.

ಪೋಷಕಾಂಶ

100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು ಹಾಗೂ 16 ಗ್ರಾಂ ಶರ್ಕರಪಿಷ್ಟವಿರುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸ್ ಆಗಿರುವುದರಿಂದ ಮಧುಮೇಹಿಗಳಿಗೆ ಅದು ಸಕ್ಕರೆಗೆ ಪರ್ಯಾಯವಲ್ಲ. ಸಕ್ಕರೆಯಿಲ್ಲದಿದ್ದರೂ ಬರ್ಫಿಯಲ್ಲಿ ಕ್ಯಾಲೊರಿ ಹೆಚ್ಚು. ಕಡಲೆಕಾಯಿ ಅಲರ್ಜಿಯಿರುವವರು ಇದನ್ನು ತಿನ್ನಬಾರದು.