ಬೀದರಿನ ಸುರಂಗಬಾವಿಗಳು: ನೆಲದೊಳಗಿನ ನೀರಿನ ಚರಿತ್ರೆ

ಕರ್ನಾಟಕದ ನೀರಾವರಿ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಕೆರೆಗಳಿಗೆ ದೊರೆತ ಗಮನ ಅಂತರ್ಜಲಕ್ಕೆ ದೊರೆತಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕೆರೆಯನ್ನು ಕಟ್ಟಿಸಿದವರು, ತೂಬನ್ನಿಡಿಸಿದವರು, ಬಿತ್ತುವಟ್ಟ ಕಟ್ಟುಗೊಡಗೆಗಳನ್ನು ಬಿಟ್ಟವರು ಶಾಸನಗಳಲ್ಲಿ ಹೆಸರಾಗಿ ಉಳಿದಿದ್ದಾರೆ. ನೆಲದೊಳಗಿನ ನೀರನ್ನು ಅರಸಿದವರ ದಾಖಲೆಗಳು ಇದಕ್ಕೆ ಹೋಲಿಸಿದರೆ ವಿರಳ. ಇಂಥ ಸಂದರ್ಭದಲ್ಲಿ ನೆಲದ ರಚನೆಯನ್ನೇ ಆಕರವಾಗಿ ಓದಬೇಕಾಗುತ್ತದೆ. ಸ್ಥಳೀಯರು ಸುರಂಗಬಾವಿ ಎಂದು ಕರೆಯುವ ಬೀದರಿನ ಕಾರೇಜುಗಳು ಅಂಥ ಓದಿಗೆ ಒದಗುವ ಮಹತ್ವದ ನಿದರ್ಶನವಾಗಿವೆ.

ಬೀದರ್ ನಗರವು ಜಂಬಿಟ್ಟಿಗೆ ಕಲ್ಲಿನ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಈ ಕೆಂಪು ಶಿಲೆಯ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿ ಚಟುವಟಿಕೆಯಿಂದ ರೂಪುಗೊಂಡ ಕಪ್ಪು ಬಸಾಲ್ಟ್. ಜಂಬಿಟ್ಟಿಗೆಯಲ್ಲಿ ರಂಧ್ರಗಳೂ ಬಿರುಕುಗಳೂ ಹೇರಳವಾಗಿರುವುದರಿಂದ ಮಳೆಯ ನೀರು ಸುಲಭವಾಗಿ ಒಳಗಿಳಿಯುತ್ತದೆ. ಅದರ ತಳದ ಜೇಡಿಮಣ್ಣಿನ ಪದರವೂ ಗಟ್ಟಿ ಬಸಾಲ್ಟೂ ಆ ನೀರನ್ನು ಇನ್ನಷ್ಟು ಕೆಳಗೆ ಹೋಗದಂತೆ ಬಹುಮಟ್ಟಿಗೆ ತಡೆಯುತ್ತವೆ. ಹೀಗೆ ತಡೆಯಲ್ಪಟ್ಟ ನೀರು ಶಿಲೆಯ ಸಂದುಗಳಲ್ಲಿ ಸಂಗ್ರಹವಾಗಿ, ಇಳಿಜಾರಿನ ಕಡೆಗೆ ನಿಧಾನವಾಗಿ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ ಮೊದಲಾದ ಬೀದರಿನ ಪುಣ್ಯಸ್ಥಳಗಳು ಇಂಥ ಒರತೆಗಳನ್ನು ಆಶ್ರಯಿಸಿಯೇ ಬೆಳೆದಿವೆ. ಸುರಂಗ ತೋಡುವವರು ಮಾಡಿದ್ದು ನಿಸರ್ಗದ ಈ ವ್ಯವಸ್ಥೆಯ ವಿಸ್ತರಣೆಯನ್ನೇ ಎನ್ನಬಹುದು.

ಭೂಗತ ಜಲದ ಬಗೆಗಿನ ಚಿಂತನೆ ಭಾರತಕ್ಕೆ ಹೊಸದಾಗಿರಲಿಲ್ಲ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯದಲ್ಲಿ ನೆಲದೊಳಗಿನ ಜಲನಾಡಿಗಳನ್ನು ದೇಹದ ನಾಡಿಗಳಿಗೆ ಹೋಲಿಸಿ, ಮರ, ಹುತ್ತ, ಮಣ್ಣು ಮತ್ತು ಶಿಲೆಗಳ ಲಕ್ಷಣಗಳಿಂದ ನೀರಿನ ನೆಲೆಯನ್ನು ಗುರುತಿಸುವ ಕ್ರಮವನ್ನು ವಿವರಿಸಿದ್ದಾನೆ. ಇರಾನಿನಲ್ಲಿ ನೀರನ್ನು ಸುರಂಗದ ಮೂಲಕ ಹೊರತರುವ ಕನಾತ್ ವಿದ್ಯೆ ಬಹು ಪ್ರಾಚೀನವಾದುದು. 11ನೆಯ ಶತಮಾನದ ಆರಂಭದ ಗಣಿತಜ್ಞ ಅಲ್-ಕರಜಿಯು ಗುಪ್ತ ಜಲವನ್ನು ಹೊರತರುವ ಬಗೆಯನ್ನು ಕುರಿತು ಅರಬ್ಬಿಯಲ್ಲಿ ಪ್ರತ್ಯೇಕ ಗ್ರಂಥವನ್ನೇ ರಚಿಸಿದ್ದನು.

ಬೀದರಿಗೆ ಈ ಎರಡನೆಯ ಪರಂಪರೆಯ ಸಂಪರ್ಕ ಒದಗಿದುದು ಬಹಮನಿ ಕಾಲದಲ್ಲಿ. ಅಹಮದ್ ಷಾ ವಲಿ (ಆಳ್ವಿಕೆ 1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದನು. ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಷಾ ನಿಯಾಮತುಲ್ಲಾನ ವಂಶಸ್ಥರು ಅವನ ಆಹ್ವಾನದ ಫಲವಾಗಿ ಇಲ್ಲಿ ನೆಲೆಸಿದರು. ಅಷ್ಟೂರಿನ ಮಾರ್ಗದಲ್ಲಿರುವ ಚೌಖಂಡಿಯು ಆ ಸಂಬಂಧಕ್ಕೆ ಸಾಕ್ಷಿಯಾಗಿದೆ. ಕಿರ್ಮಾನ್ ಕನಾತುಗಳಿಗೆ ಹೆಸರಾದ ಪ್ರದೇಶ. ಆದ್ದರಿಂದ ಬೀದರಿನ ಕಾರೇಜುಗಳನ್ನು ಬಹಮನಿ ಕಾಲದವೆಂದು ಗುರುತಿಸುವುದು ಯುಕ್ತವಾಗಿದೆ. ಆದರೆ ಇದನ್ನು ಕೇವಲ ಆಮದಾದ ವಿದ್ಯೆಯೆಂದು ತೀರ್ಮಾನಿಸುವುದು ಸರಿಯಲ್ಲ. ಇರಾನಿನ ಕನಾತುಗಳು ಸಾಮಾನ್ಯವಾಗಿ ಬೆಟ್ಟದ ಬುಡದ ಮೆಕ್ಕಲು ನೆಲದಲ್ಲಿ ಹರಿಯುತ್ತವೆ. ಇಲ್ಲಿ ಅಂಥ ಮೆಕ್ಕಲಿಲ್ಲ; ಜಂಬಿಟ್ಟಿಗೆಯ ಬಿರುಕುಗಳನ್ನೂ ಅದರ ತಳದ ಜಲತಡೆಯನ್ನೂ ಅರಿತು ಸುರಂಗದ ದಾರಿಯನ್ನು ನಿರ್ಧರಿಸಬೇಕಾಗಿತ್ತು. ತಂತ್ರ ಹೊರಗಿನಿಂದ ಬಂದಿದ್ದರೂ ಈ ನೆಲದ ಅರಿವಿಲ್ಲದೆ ಅದು ಫಲಿಸುತ್ತಿರಲಿಲ್ಲ.

ನೌಬಾದಿನ ಕಾರೇಜು ಇವುಗಳಲ್ಲಿ ಹೆಚ್ಚು ಪರಿಚಿತವಾದುದು. ಸಾಲಾಗಿ ತೋಡಿದ ಲಂಬ ಬಾವಿಗಳನ್ನು ತಳದಲ್ಲಿ ಸುರಂಗವೊಂದು ಜೋಡಿಸುತ್ತದೆ. ಮಣ್ಣನ್ನು ಮೇಲೆತ್ತಲು, ಒಳಗೆ ಗಾಳಿ ಬೆಳಕು ಬರಲು, ಹೂಳು ತೆಗೆಯಲು ಈ ಬಾವಿಗಳು ಬೇಕು. ಸುರಂಗದ ಮೇಲ್ಭಾಗವು ಜಲಮಟ್ಟಕ್ಕಿಂತ ಕೆಳಗಿದ್ದು, ಅದರ ತಳ ಅತ್ಯಲ್ಪ ಇಳಿಜಾರಿನಲ್ಲಿ ಸಾಗುವುದರಿಂದ ಯಾವ ಯಂತ್ರದ ನೆರವೂ ಇಲ್ಲದೆ ನೀರು ಹೊರಬಾಯಿಗೆ ಹರಿದುಬರುತ್ತದೆ. ಅಂತರ್ಜಲದ ಚಲನೆಯು ಇಳಿಜಾರನ್ನೂ ಪದರದ ನೀರು ಹರಿಯಗೊಡುವ ಗುಣವನ್ನೂ ಅವಲಂಬಿಸಿದೆ ಎಂಬುದನ್ನು ಫ್ರಾನ್ಸಿನ ಆನ್ರಿ ಡಾರ್ಸಿ ಸೂತ್ರರೂಪದಲ್ಲಿ ಪ್ರಕಟಿಸಿದ್ದು 1856ರಲ್ಲಿ. ಇಲ್ಲಿನ ಕುಶಲಕರ್ಮಿಗಳು ಅದನ್ನು ಅನುಭವದಿಂದ ಬಲ್ಲವರಾಗಿದ್ದರು.

ಈ ವ್ಯವಸ್ಥೆಯ ಇನ್ನೊಂದು ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಜಲಮಟ್ಟ ಸುರಂಗದ ತಳಕ್ಕಿಂತ ಕೆಳಗಿಳಿದರೆ ಹರಿವು ತಾನಾಗಿಯೇ ನಿಲ್ಲುತ್ತದೆ. ಎಂದರೆ, ಮಳೆಯು ತುಂಬಿಕೊಟ್ಟದ್ದಕ್ಕಿಂತ ಹೆಚ್ಚನ್ನು ಕಾರೇಜು ದೀರ್ಘಕಾಲ ಪಡೆಯಲಾರದು. ಕೊಳವೆಬಾವಿಗೆ ಈ ಮಿತಿಯಿಲ್ಲ. ಅದು ಕೆಳಗಿನ ಬಸಾಲ್ಟಿನ ಬಿರುಕುಗಳವರೆಗೂ ಇಳಿದು, ಹಿಂದಿನ ವರ್ಷಗಳ ಸಂಗ್ರಹವನ್ನೂ ಮೇಲೆತ್ತಬಲ್ಲದು. ಒಂದೇ ಪದರವನ್ನು ಎರಡೂ ಆಶ್ರಯಿಸಿದಾಗ ಮೊದಲು ಬತ್ತುವುದು ಸುರಂಗವೇ.

2010ರ ದಶಕದಲ್ಲಿ ನೌಬಾದ್ ಕಾರೇಜಿನ ಸಮೀಕ್ಷೆ ನಡೆದು ಹೂಳು ತೆಗೆಯುವ ಕಾರ್ಯ ಕೈಗೊಳ್ಳಲಾಯಿತು. ದಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳು 2020ರ ವಿಶ್ವ ಸ್ಮಾರಕ ನಿಗಾ ಪಟ್ಟಿಯಲ್ಲಿ ಸ್ಥಾನ ಪಡೆದವು. ಇವು ಸ್ವಾಗತಾರ್ಹ. ಆದರೆ ಸಂರಕ್ಷಣೆಯು ಸುರಂಗಕ್ಕೆ ಮತ್ತು ಬಾವಿಯ ಬಾಯಿಗಳಿಗೆ ಸೀಮಿತವಾಗುವುದಾದರೆ ಅದು ಅಪೂರ್ಣ. ಕೋಟೆಯ ಗೋಡೆಗೆ ಸುತ್ತಲಿನ ಬಯಲು ಇಲ್ಲದಿದ್ದರೂ ಅದು ಕೋಟೆಯಾಗಿಯೇ ಉಳಿಯುತ್ತದೆ. ಮಳೆ ಇಂಗುವ ನೆಲವನ್ನು ಕಳೆದುಕೊಂಡ ಕಾರೇಜು ಬರಿಯ ಸುರಂಗವಾಗುತ್ತದೆ. ಜಂಬಿಟ್ಟಿಗೆಯ ಆ ನೆಲ ಕಟ್ಟಡಗಳಿಂದಲೂ ರಸ್ತೆಗಳಿಂದಲೂ ಮುಚ್ಚಿಹೋದರೆ, ಎಷ್ಟೇ ಶುಚಿಗೊಳಿಸಿದ ಸುರಂಗವೂ ನೀರು ಕೊಡಲಾರದು. ಆದುದರಿಂದ ಕಾರೇಜಿನ ಮೇಲಣ ಇಂಗುನೆಲವನ್ನೂ ಸ್ಮಾರಕದ ಅಂಗವೆಂದೇ ಪರಿಗಣಿಸಿ, ಅದರ ಎಲ್ಲೆಯನ್ನು ಗುರುತಿಸುವುದು ಇತಿಹಾಸಕಾರರೂ ಭೂವಿಜ್ಞಾನಿಗಳೂ ಕೂಡಿ ಮಾಡಬೇಕಾದ ಕೆಲಸವಾಗಿದೆ.